ಒಂದು ಕುರ್ಚಿಗೋಸ್ಕರ ಒಂದು ವರ್ಷ ಹಾರಿದೆ

ಸರಿ, ಇದು ಬೆಳಗಿನ ಜಾವ. ಗಂಟೆ ಎಷ್ಟು ಅಂತ ಕೇಳ್ಬೇಡಿ, ನನ್ನ ಮುಖ ನೋಡಿದ್ರೇ ಗೊತ್ತಾಗತ್ತೆ. ಚೆಕ್-ಇನ್, ಸೆಕ್ಯೂರಿಟಿ ಎಲ್ಲಾ ಸ್ಪೀಡಾಗಿ ಓಡಿಸಿದೀನಿ. ಬೆಲ್ಟ್ ಬಿಚ್ಚು, ಬೆಲ್ಟ್ ಕಟ್ಟು, ಅಷ್ಟೇ. ಹಿಂದೆ ಟ್ರೇ ತಳ್ತಿರೋನು ನನ್ನ ತಮ್ಮ. ಇವತ್ತು ಅರ್ಧ ಶೂಟಿಂಗ್ ಅವನದೇ. ಅದಕ್ಕೇ ಅರ್ಧ ಶಾಟ್‌ಗಳಲ್ಲಿ ನನಗೆ ತಲೆ ಇಲ್ಲ.

ಏರ್‌ಲೈನ್ ಸ್ಟೇಟಸ್‌ಗೆ, ಅಂದ್ರೆ ಜಾಸ್ತಿ ಹಾರೋರಿಗೆ ಕಂಪನಿ ಕೊಡೋ ಸಿಲ್ವರ್, ಗೋಲ್ಡ್ ಥರದ ದರ್ಜೆಗೆ, ಒದ್ದಾಡೋದು ಲಾಭಾನಾ? ಏರ್‌ಪೋರ್ಟಲ್ಲಿ ಊಟ, ಒಳ್ಳೆ ಕುರ್ಚಿ ಇರೋ ಕಾಯೋ ಕೋಣೆ ಇದೆಯಲ್ಲ, ಲೌಂಜ್, ಅದಕ್ಕೆ ದುಡ್ಡು ಕೊಟ್ಟು ಮೆಂಬರ್‌ಶಿಪ್ ತಗೋಬೇಕಾ? ತುಂಬಾ ಜನ ಕೇಳ್ತಾನೇ ಇದ್ರಿ. ನನ್ನ ಉತ್ತರ, ಎರಡೂ ಬೇಡ. ವಿಡಿಯೋ ಮುಗೀತು, ನಮಸ್ಕಾರ.

ಇಲ್ಲ ಇಲ್ಲ, ವಿಮಾನಕ್ಕೆ ಇನ್ನೂ ಮೂರು ಗಂಟೆ ಇದೆ. ಮಾತಾಡ್ಲೇಬೇಕು.

ಇದು ಲೌಂಜಿನ ಬಾಗಿಲು. ಆ ಕ್ಯೂ ನೋಡಿ. ಸಾಲಲ್ಲಿ ನಿಲ್ಲೋದು ತಪ್ಲಿ ಅಂತ ಲೌಂಜಿಗೆ ಬರೋದು, ಇಲ್ಲೂ ಸಾಲು. ಪಕ್ಕದಲ್ಲಿ ಒಂದು ಬೋರ್ಡ್ ಇದೆ, ತಮ್ಮ ಅದನ್ನ ಝೂಮ್ ಮಾಡಿಲ್ಲ. ನಾನೇ ಹೇಳ್ತೀನಿ: ಒಳಗೆ ಜಾಗ ಇಲ್ಲ, ಮೆಂಬರ್‌ಶಿಪ್ ಕಾರ್ಡಿನವರು ಕಾಯಬೇಕು. ಬಿಸಿನೆಸ್ ಕ್ಲಾಸಿನವರು, ಸ್ಟೇಟಸ್ ಇರೋರು ನೇರ ಒಳಗೆ. ಎರಡು ವರ್ಷದ ಹಿಂದೆ ಇಂಥದ್ದೇ ಬೋರ್ಡಿನ ಮುಂದೆ ನಾನು ಕಾರ್ಡ್ ಹಿಡ್ಕೊಂಡು ನಿಂತಿದ್ದೆ. ಇವತ್ತು ಸ್ಟೇಟಸ್ ಇದೆ, ಸ್ಟಾರ್ ಅಲಯನ್ಸ್ ಗೋಲ್ಡ್. ಅಲಯನ್ಸ್ ಅಂದ್ರೆ ಏರ್‌ಲೈನ್‌ಗಳ ಒಕ್ಕೂಟ. ಎಕಾನಮಿ ಟಿಕೆಟ್ ಆದ್ರೂ ಬಿಡ್ತಾರೆ, ಜೊತೆಗೆ ಒಬ್ಬರನ್ನ ಕರ್ಕೊಂಡೂ ಹೋಗ್ಬಹುದು. ಆ ಒಬ್ಬರು ಈಗಾಗ್ಲೇ ಒಳಗೆ ಹೋಗಿ ಸೂಪ್ ಹುಡುಕ್ತಿದಾರೆ.

ಆ ಸ್ಟೇಟಸ್ ಬಂದ ಕಥೆ ಹೇಳ್ಲೇಬೇಕು, ಯಾಕಂದ್ರೆ ಅದು ನೆನೆಸ್ಕೊಂಡ್ರೆ ನನಗೆ ಇನ್ನೂ ಮೈ ಉರಿಯತ್ತೆ.

ಮೊದಲು ಒಂದು ವಿಷಯ. ಮೈಲ್ ಅಂದ್ರೆ ಹಾರಿದ್ದಕ್ಕೆ ಏರ್‌ಲೈನ್ ಕೊಡೋ ಪಾಯಿಂಟ್, ಅದರಲ್ಲಿ ಎರಡು ಥರ. ಒಂದು ಖರ್ಚು ಮಾಡೋದು, ಅದರಲ್ಲಿ ಟಿಕೆಟ್ ತಗೋಬಹುದು. ಇನ್ನೊಂದು ಬರೀ ಮೆಟ್ಟಿಲು ಹತ್ತಿಸೋದು, ಅದನ್ನ ಖರ್ಚು ಮಾಡೋಕಾಗಲ್ಲ. ಸ್ಟೇಟಸ್ ಕೊಡೋದು ಎರಡನೇದು. ಸಿಂಗಾಪುರ್ ಏರ್‌ಲೈನ್ಸ್‌ನ ಕ್ರಿಸ್‌ಫ್ಲೈಯರ್ ಅನ್ನೋ ಯೋಜನೆಯಲ್ಲಿ 12 ತಿಂಗಳಲ್ಲಿ 25,000 ಎಲೀಟ್ ಮೈಲ್ ಆದ್ರೆ ಸಿಲ್ವರ್, 50,000 ಆದ್ರೆ ಗೋಲ್ಡ್. ಆಸ್ಟ್ರೇಲಿಯಾದ ಕ್ವಾಂಟಸ್‌ನಲ್ಲಿ ಮೈಲ್ ಲೆಕ್ಕ ಇಲ್ಲ, ಸ್ಟೇಟಸ್ ಕ್ರೆಡಿಟ್ ಅಂತಾರೆ, ಗೋಲ್ಡ್‌ಗೆ 700 ಬೇಕು. ಇನ್ನು ಸಿಲ್ವರ್ ಅನ್ನೋದು ಬರೀ ಆಸೆ ತೋರಿಸೋ ಮೆಟ್ಟಿಲು. ಅಲಯನ್ಸ್ ಲೆಕ್ಕದಲ್ಲಿ ಅದು ಲೌಂಜಿನ ಬಾಗಿಲು ತೆಗೆಸಲ್ಲ.

ನನ್ನ ವರ್ಷದ ಲೆಕ್ಕ ಮುಗಿಯೋದು ಡಿಸೆಂಬರ್ 31ಕ್ಕೆ. ಡಿಸೆಂಬರ್ ಎರಡನೇ ವಾರ ಆ್ಯಪ್ ತೆಗೆದು ನೋಡಿದ್ರೆ ಗೋಲ್ಡ್‌ಗೆ ಒಂದೇ ಒಂದು ಪ್ರಯಾಣದಷ್ಟು ಕಡಿಮೆ. ಅಲ್ಲಿಗೆ ನನ್ನ ಬುದ್ಧಿ ಕೆಟ್ಟಿತು. ಮೈಲೇಜ್ ರನ್ ಅಂತಾರೆ ಇದನ್ನ. ಕೆಲಸ ಇಲ್ಲ, ನೋಡೋರಿಲ್ಲ, ಮಾತಾಡ್ಸೋರಿಲ್ಲ. ಮೈಲ್‌ಗೋಸ್ಕರ ಹೋಗೋದು, ವಾಪಸ್ ಬರೋದು. ದೂರದ ಊರಿಗೆ ಅಗ್ಗದ ಟಿಕೆಟ್ ಸಿಕ್ತು. ಹೋದೆ, ಅಲ್ಲಿ ಏರ್‌ಪೋರ್ಟಲ್ಲೇ ನಾಲ್ಕು ಗಂಟೆ ಕೂತೆ, ಅದೇ ವಿಮಾನದಲ್ಲಿ ಬಂದೆ. ಹೋಗುವಾಗ ಇದ್ದ ಗಗನಸಖಿಯೇ ಬರುವಾಗಲೂ ಇದ್ಲು. ನನ್ನ ನೋಡಿ ಏನಾದ್ರೂ ಮರೆತು ಬಂದ್ರಾ ಅಂತ ಕೇಳಿದ್ಲು.

ನಾಲ್ಕು ದಿನ ಆದ್ಮೇಲೆ ಆ್ಯಪ್ ತೆಗೀತೀನಿ. ಸೊನ್ನೆ! ಕಾಲು ಭಾಗ ಅಲ್ಲ, ಅರ್ಧ ಅಲ್ಲ, ಪೂರ್ತಿ ಸೊನ್ನೆ.

ಏನಾಗಿತ್ತು ಗೊತ್ತಾ? ಟಿಕೆಟ್ ಮೇಲೆ ಒಂದು ಇಂಗ್ಲಿಷ್ ಅಕ್ಷರ ಇರತ್ತೆ, ಫೇರ್ ಕ್ಲಾಸ್ ಅಂತ. ನಾವು ಎಕಾನಮಿ ಅಂತ ಒಂದೇ ಮಾತಲ್ಲಿ ಹೇಳ್ತೀವಿ, ಆದ್ರೆ ಅದರೊಳಗೆ ಹತ್ತು ಹನ್ನೆರಡು ಅಕ್ಷರ ಇವೆ. ವೈ ಅಂದ್ರೆ ಪೂರ್ತಿ ದರದ ಎಕಾನಮಿ. ಅಲ್ಲಿಂದ ಕೆಳಗೆ ಇಳೀತಾ ಇಳೀತಾ ದರಾನೂ ಕಡಿಮೆ, ಮೈಲೂ ಕಡಿಮೆ. ಇದು ನನಗೆ ಗೊತ್ತಿತ್ತು! ಅಷ್ಟು ದಡ್ಡಿ ಅಲ್ಲ ನಾನು. ವಿಮಾನ ಹಾರಿಸೋ ಕಂಪನಿಯ ವೆಬ್‌ಸೈಟಲ್ಲಿ ಪಟ್ಟಿ ನೋಡಿದ್ದೆ, ನನ್ನ ಅಕ್ಷರಕ್ಕೆ ಅರ್ಧ ಮೈಲ್ ಅಂತಿತ್ತು. ಆದ್ರೆ ನನ್ನ ಮೆಂಬರ್ ನಂಬರ್ ಇದ್ದದ್ದು ಅದೇ ಅಲಯನ್ಸಿನ ಇನ್ನೊಂದು ಕಂಪನಿದು. ಮೈಲ್ ಎಲ್ಲಿ ಜಮಾ ಆಗತ್ತೋ ಅವರ ಪಟ್ಟೀನೇ ಲೆಕ್ಕ, ಹಾರಿಸೋರ ಪಟ್ಟಿ ಅಲ್ಲ. ಅವರ ಪಟ್ಟಿಯಲ್ಲಿ ಅದೇ ಅಕ್ಷರದ ಮುಂದೆ ಸೊನ್ನೆ. ಅದೇ ವಿಮಾನ, ಅದೇ ಸೀಟು, ಅದೇ ಒಣಗಿದ ಬನ್ನು.

ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ. ತುಂಬಾ ಮರ್ಯಾದೆಯಿಂದ ಮಾತಾಡಿದ್ರು. ಬೇಕಾದ್ರೆ ಈ ಪ್ರಯಾಣವನ್ನ ಹಾರಿಸಿದ ಕಂಪನಿಯ ಖಾತೆಗೇ ಹಾಕಿಸ್ಕೊಳ್ಳಿ ಮೇಡಂ, ಅರ್ಧ ಸಿಗತ್ತೆ ಅಂದ್ರು. ಅಲ್ಲಿ ನನ್ನ ಖಾತೇನೇ ಇಲ್ಲ. ಇದ್ರೂ ಈ ಕಡೆ ಗುಡ್ಡೆ ಹಾಕಿರೋದಕ್ಕೆ ಆ ಕಡೆಯದು ಸೇರಲ್ಲ. ನೀರಲ್ಲಿ ಹೋಮ ಮಾಡಿದ ಹಾಗಾಯ್ತು. ಜನವರಿ ಒಂದಕ್ಕೆ ಲೆಕ್ಕ ಮತ್ತೆ ಮೊದಲಿಂದ ಶುರು.

ತಮ್ಮ ಆವತ್ತು ಕೇಳಿದ್ದು ಒಂದೇ ಪ್ರಶ್ನೆ. "ಅಕ್ಕಾ, ಎಲ್ಲಿಗೆ ಹೋಗಿದ್ದೆ?" ಎಲ್ಲಿಗೂ ಇಲ್ಲ ಕಣೋ. ಹೋಗಿ ಬಂದೆ, ಅಷ್ಟೇ.

ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತಾರಲ್ಲ, ಅದು ನಾನೇ. ಮುಂದಿನ ವರ್ಷ ಆಫೀಸಿನ ಕೆಲಸ ಜಾಸ್ತಿ ಆಯ್ತು, ಏನೂ ಒದ್ದಾಡದೆ ಆಗಸ್ಟಲ್ಲೇ ಗೋಲ್ಡ್ ಬಂತು. ಬಂದ ದಿನ ನಾನು ನೋಡಿಕೊಂಡೂ ಇರಲಿಲ್ಲ.

ಹಾಂ, ಇದು ಲೌಂಜ್ ಒಳಗೆ. ಎಡಗಡೆ ಬಫೆ, ಬಲಗಡೆ ಸ್ನಾನದ ಕೋಣೆಗಳು. ಪ್ಲಗ್ ಪಾಯಿಂಟ್ ಇರೋ ಕುರ್ಚಿ ಒಂದೂ ಖಾಲಿ ಇಲ್ಲ. ಆ ಮನುಷ್ಯ ನೋಡಿ, ತನಗೊಂದು ಕುರ್ಚಿ, ಬ್ಯಾಗಿಗೊಂದು, ಶೂಗೊಂದು.

ಇದೆಲ್ಲಾ ಶುರುವಾಗಿದ್ದು 1939ರಲ್ಲಿ. ನ್ಯೂಯಾರ್ಕಿನ ಲಗಾರ್ಡಿಯಾದಲ್ಲಿ ಅಮೆರಿಕನ್ ಏರ್‌ಲೈನ್ಸ್ ಅಡ್ಮಿರಲ್ಸ್ ಕ್ಲಬ್ ಅಂತ ತೆರೀತು. ಕಂಪನಿ ಕರೆದ್ರೆ ಮಾತ್ರ ಪ್ರವೇಶ. 1981ರ ಮೇ ಒಂದಕ್ಕೆ ಅದೇ ಕಂಪನಿ ಅಡ್ವಾಂಟೇಜ್ ಅನ್ನೋ ಮೈಲ್ ಯೋಜನೆ ತಂತು, ಕೆಲವೇ ದಿನಗಳಲ್ಲಿ ಯುನೈಟೆಡ್ ಕೂಡ ತಂತು. ಅವತ್ತಿನಿಂದ ನನ್ನಂಥೋರ ತಲೆ ಕೆಟ್ಟಿರೋದು.

ನನಗಿಂತ ತಲೆ ಓಡಿಸಿದ ಮನುಷ್ಯ ಒಬ್ಬರಿದಾರೆ. ಕ್ಯಾಲಿಫೋರ್ನಿಯಾದ ಇಂಜಿನಿಯರ್ ಡೇವಿಡ್ ಫಿಲಿಪ್ಸ್. 1999ರಲ್ಲಿ ಒಂದು ತಿಂಡಿ ಕಂಪನಿ ತನ್ನ ಲೇಬಲ್ ಕಳಿಸಿದ್ರೆ ಮೈಲ್ ಕೊಡ್ತೀವಿ ಅಂದಿತ್ತು. ಇವರು 12,150 ಪುಡ್ಡಿಂಗ್ ಕಪ್ ಕೊಂಡ್ರು. ಲೇಬಲ್ ಕೀಳೋಕೆ ಕೈ ಸಾಲ್ಲಿಲ್ಲ, ಸಾಲ್ವೇಶನ್ ಆರ್ಮಿಗೆ ಪುಡ್ಡಿಂಗ್ ದಾನ ಕೊಟ್ಟು ಅವರ ಕೈಲೇ ಲೇಬಲ್ ಕೀಳಿಸಿದ್ರು. 12 ಲಕ್ಷಕ್ಕೂ ಜಾಸ್ತಿ ಮೈಲ್! ಆಗಿನ ನಿಯಮದಲ್ಲಿ ಹತ್ತು ಲಕ್ಷ ದಾಟಿದ್ರೆ ಅಮೆರಿಕನ್‌ನಲ್ಲಿ ಆಯುಷ್ಯಪೂರ್ತಿ ಗೋಲ್ಡ್. ವಿಮಾನ ಹತ್ತದೇ ಸ್ಟೇಟಸ್. ನಾನು ಹತ್ತಿ ಇಳಿದು ಸೊನ್ನೆ.

ಎಲ್ಲಿದ್ದೆ? ಹಾಂ, ಮೆಂಬರ್‌ಶಿಪ್.

ಪ್ರಯಾರಿಟಿ ಪಾಸ್ ಅಂತ ಇದೆಯಲ್ಲ, 1992ರಿಂದ ಇರೋದು. ಯಾವ ಏರ್‌ಲೈನ್, ಯಾವ ಕ್ಲಾಸ್ ಅಂತ ಕೇಳಲ್ಲ, ಅದು ಅದರ ದೊಡ್ಡ ಗುಣ. ಮೂರು ಥರ ಇರತ್ತೆ: ಪ್ರತಿ ಸಲ ದುಡ್ಡು ಕೊಡೋದು, ವರ್ಷಕ್ಕೆ 10 ಸಲ ಉಚಿತ ಇರೋದು, ಎಷ್ಟು ಸಲ ಬೇಕಾದ್ರೂ ಹೋಗೋದು. ನಾನು ಮೂರನೇದು ತಗೊಂಡಿದ್ದೆ, ರಾಣಿ ಥರ. ವರ್ಷದ ಕೊನೆಗೆ ಎಣಿಸಿದ್ರೆ ಹೋಗಿದ್ದು ನಾಲ್ಕು ಸಲ. ವಾಪಸ್ ಕಳಿಸಿದ್ದು ಎರಡು ಸಲ. ಆ ಚಂದಾನ ನಾಲ್ಕರಿಂದ ಭಾಗಿಸಿ ನೋಡಿದೆ, ಆಮೇಲೆ ಆ ಕಾಗದ ಹರಿದು ಹಾಕಿದೆ. ನೀವು ಲೆಕ್ಕ ಹಾಕುವಾಗ ಹೋಗ್ತೀನಿ ಅಂದ್ಕೊಂಡಿರೋದನ್ನ ಎಣಿಸ್ಬೇಡಿ, ಹೋದ ವರ್ಷ ನಿಜವಾಗ್ಲೂ ಏರ್‌ಪೋರ್ಟಲ್ಲಿ ಎರಡು ಗಂಟೆಗಿಂತ ಜಾಸ್ತಿ ಕೂತಿದ್ದನ್ನ ಎಣಿಸಿ. ಕ್ರೆಡಿಟ್ ಕಾರ್ಡಿನ ಜೊತೆ ಬಂದಿದ್ರೆ ಸರಿ, ಇಟ್ಕೊಳ್ಳಿ. ಬರೀ ಅದಕ್ಕೋಸ್ಕರ ದುಡ್ಡು ಕೊಡ್ಬೇಡಿ. ವೇಸ್ಟ್.

ಒಂದು ನಿಮಿಷ. ವಿಮಾನಗಳ ಟೈಮ್ ತೋರಿಸೋ ಬೋರ್ಡ್ ನೋಡಿ, ತಮ್ಮ ಓಡಿ ಹೋಗಿ ಶೂಟ್ ಮಾಡಿದಾನೆ. ನಮ್ಮ ವಿಮಾನ ಎರಡೂವರೆ ಗಂಟೆ ತಡ.

ಸರಿ, ಈಗ ನನ್ನ ಅಭಿಪ್ರಾಯ ಬದಲಾಯ್ತು. ಬಿಸಿ ಕಾಫಿ, ಕ್ಲೀನ್ ಟಾಯ್ಲೆಟ್, ಕಾಲು ಚಾಚೋಕೆ ಜಾಗ. ಹೊರಗೆ ಗೇಟ್ ಹತ್ರ ಜನ ನೆಲದ ಮೇಲೆ ಕೂತಿರ್ತಾರೆ. ಇಂಥ ದಿನ ವರ್ಷಕ್ಕೆ ಐದಾರು ಬಂದ್ರೆ ಮೆಂಬರ್‌ಶಿಪ್ ತಗೊಳ್ಳಿ, ನಾನು ಬೈಯಲ್ಲ. ಆದ್ರೆ ವಿಮಾನ ತಡ ಆದ ದಿನವೇ ಎಲ್ಲರೂ ಲೌಂಜಿಗೆ ಬರ್ತಾರೆ, ಅದೇ ದಿನ ಬಾಗಿಲಲ್ಲಿ ಬೋರ್ಡ್ ಹಾಕ್ತಾರೆ. ಎಷ್ಟೋ ಲೌಂಜ್‌ಗಳಲ್ಲಿ ಹೊರಡೋಕೆ ಮೂರು ಗಂಟೆ ಮುಂಚೆ ಮಾತ್ರ ಬಿಡೋದು ಅನ್ನೋ ನಿಯಮ ಬೇರೆ. ಅಂದ್ರೆ... ಗೊತ್ತಿಲ್ಲ ಕಣ್ರೀ. ನಾಳೆ ಕೇಳಿ.

ಸ್ಟೇಟಸ್ ಬಗ್ಗೆ ಮಾತ್ರ ನನ್ನ ಮಾತು ಗಟ್ಟಿ: ಬೆನ್ನು ಹತ್ತಬೇಡಿ. ನಿಯಮ ಅವರ ಕೈಲಿರತ್ತೆ. ಮೊದಲು ದೂರ ಎಣಿಸ್ತಿದ್ರು, ಈಗ ಎಷ್ಟೋ ಕಡೆ ದುಡ್ಡು ಎಣಿಸ್ತಾರೆ. 2022ರಿಂದ ಅಮೆರಿಕನ್‌ನಲ್ಲಿ ಲಾಯಲ್ಟಿ ಪಾಯಿಂಟ್, ಕ್ರೆಡಿಟ್ ಕಾರ್ಡ್ ಉಜ್ಜಿದ್ರೂ ಸ್ಟೇಟಸ್ ಬರತ್ತೆ. 2025ರ ಏಪ್ರಿಲ್‌ನಿಂದ ಬ್ರಿಟಿಷ್ ಏರ್‌ವೇಸ್‌ನಲ್ಲೂ ಖರ್ಚಿನ ಲೆಕ್ಕ. 2023ರಲ್ಲಿ ಡೆಲ್ಟಾ ನಿಯಮ ಬಿಗಿ ಮಾಡಿ, ಜನ ಕೂಗಾಡಿದ್ಮೇಲೆ ಸ್ವಲ್ಪ ಸಡಿಲ ಮಾಡ್ತು. ಸ್ಕ್ಯಾಂಡಿನೇವಿಯಾದ ಎಸ್‌ಎಎಸ್ ಅಂತೂ 1997ರಲ್ಲಿ ಸ್ಟಾರ್ ಅಲಯನ್ಸ್ ಕಟ್ಟಿದ ಐದು ಕಂಪನಿಗಳಲ್ಲಿ ಒಂದು. 2024ರಲ್ಲಿ ಮನೆ ಬಿಟ್ಟು ಸ್ಕೈಟೀಮ್ ಅನ್ನೋ ಇನ್ನೊಂದು ಒಕ್ಕೂಟಕ್ಕೆ ಹೋಯ್ತು. ಸ್ಟಾರ್ ಗೋಲ್ಡ್ ಬೇಕು ಅಂತ ಅಲ್ಲಿ ಮೈಲ್ ಕೂಡಿಟ್ಟೋರು ಏನು ಮಾಡ್ಬೇಕು?

ಇನ್ನೊಂದು ತಮಾಷೆ. ಯುನೈಟೆಡ್ ಕೂಡ ಸ್ಟಾರ್ ಅಲಯನ್ಸಿಂದೇ. ಅಮೆರಿಕದೊಳಗೇ ಅದರಲ್ಲಿ ಹಾರುವಾಗ ಬೇರೆ ಕಂಪನಿಯ ಸ್ಟಾರ್ ಗೋಲ್ಡ್ ಇರೋರನ್ನ ಯುನೈಟೆಡ್ ಲೌಂಜಿಗೆ ಬಿಡ್ತಾರೆ, ಯುನೈಟೆಡ್‌ನದೇ ಗೋಲ್ಡ್ ಇರೋರನ್ನ ಬಿಡಲ್ಲ. ಸ್ವಂತ ಮಕ್ಕಳಿಗೆ ಬಾಗಿಲು ಹಾಕಿ ಪಕ್ಕದ ಮನೆಯವರಿಗೆ ತೆಗೆದ ಹಾಗೆ!

ಈ ಶಾಟಲ್ಲಿ ನಾನು ನಿದ್ದೆ ಮಾಡ್ತಿದೀನಿ. ತಮ್ಮ ಯಾಕೆ ಇಷ್ಟುದ್ದ ತೆಗೆದ ಗೊತ್ತಿಲ್ಲ. ಬಾಯಿ ಬೇರೆ ತೆರ್ಕೊಂಡಿದೀನಿ. ಕಟ್ ಮಾಡ್ಬೇಕಿತ್ತು, ಇರ್ಲಿ.

ಹಿಂದೆ ಗೋಡೆ ಮೇಲೆ ಒಂದು ಚೀಟಿ ಕಾಣ್ತಿದೆಯಾ? ಇಲ್ಲಿ ವಿಮಾನಗಳ ಘೋಷಣೆ ಮಾಡುವುದಿಲ್ಲ ಅಂತ ಬರೆದಿದಾರೆ. ಶಾಂತಿಗೋಸ್ಕರ. ನಾವು ಆ ಚೀಟಿ ನೋಡಿದ್ದು ಎಡಿಟಿಂಗ್ ಮಾಡುವಾಗ. ಎರಡೂವರೆ ಗಂಟೆ ತಡ ಅಂದಿದ್ರಲ್ಲ, ನಡುವೆ ಅದು ಒಂದೂವರೆ ಆಗಿತ್ತು.

ಇಲ್ಲಿಂದ ಕ್ಯಾಮೆರಾ ಅಲ್ಲಾಡ್ತಿರೋದು ಅದಕ್ಕೇ. ನಾವು ಓಡ್ತಿದೀವಿ. ಆ ಸೂಪಿನ ಬಟ್ಟಲು ಹಿಡ್ಕೊಂಡೇ ಓಡ್ತಿರೋನು ತಮ್ಮ. ಗೇಟಲ್ಲಿ ಎಡಗಡೆ ಗೋಲ್ಡ್‌ನವರಿಗೆ ಬೇರೆ ಸಾಲು, ಕೆಂಪು ಹಾಸು ಎಲ್ಲಾ ಇತ್ತು. ಆ ಸಾಲಿನ ಹಗ್ಗ ಸುತ್ತಿ ಎತ್ತಿಡ್ತಾ ಇದ್ರು.

"ಅಕ್ಕಾ, ಪಾಸ್‌ಪೋರ್ಟ್ ನಿನ್ನ ಹತ್ರ ತಾನೇ?"

ಈ ಶಾಟ್ ಇಲ್ಲಿಗೇ ನಿಲ್ಸಿದೀನಿ. ಮುಂದಿನದು ಲ್ಯಾಂಡ್ ಆದ್ಮೇಲೆ.