ಹುಳುವಿನ ಜ್ವರ, ರೈತನ ಶ್ರದ್ಧೆ

ರೈತ ಬಾಂಧವರೇ, ನಮಸ್ಕಾರ.

ರೇಷ್ಮೆ ಬೆಳೆಯುವ ಮನೆಯಲ್ಲಿ ಮೈಗಳ್ಳರು ಸಿಗುವುದು ಕಷ್ಟ. ಹುಳುವಿನ ಮನೆ ಸುಮಾರು 25 ದಿನ ಯಾರನ್ನೂ ಸುಮ್ಮನೆ ಕೂರಗೊಡುವುದಿಲ್ಲ. ಆದರೂ ಒಂದೇ ಸಮ ದುಡಿದ ಎರಡು ಮನೆಗಳಲ್ಲಿ ಒಂದರ ಗೂಡು ಗಟ್ಟಿ, ಇನ್ನೊಂದರದು ಪೊಳ್ಳು. ಎಷ್ಟೋ ಸಲ ಎಡವಟ್ಟಾಗುವುದು ಜ್ವರದ ಹೊತ್ತಿನಲ್ಲಿ, ಅಂದರೆ ಹುಳು ಪೊರೆ ಬಿಡುವಾಗ.

ನಾಲ್ಕು ಜ್ವರ, ಐದು ಹಂತ. ಇದು ನಿಮಗೆ ಗೊತ್ತೇ ಇದೆ. ಜ್ವರಕ್ಕೆ ಕೂತ ಹುಳು ಮೇವು ಬಿಟ್ಟು, ತಲೆ ಎತ್ತಿ, ಅಲುಗಾಡದೆ ಇರುತ್ತದೆ. ಮೈ ಬಿಗಿದು ಹೊಳೆಯುತ್ತದೆ. ಪೊರೆ ಕಳಚಿ ಎದ್ದ ಹುಳುವಿನ ತಲೆ ದೊಡ್ಡದು, ಮೈ ಸಡಿಲ, ಬಣ್ಣ ಮಂಕು. ಎಲ್ಲವೂ ಒಟ್ಟಿಗೆ ಏಳುವುದಿಲ್ಲವಲ್ಲ! ಮೊದಲು ಎದ್ದವು ಹಸಿದು, ಮೇವು ಹರಡಿದ ಹಾಸಿಗೆ ಮೇಲೆ ಹರಿದಾಡುವುದನ್ನು ಕಂಡರೆ ಕರುಳು ಚುರ್ ಎನ್ನುತ್ತದೆ, ಕೈ ತಾನಾಗಿ ಹಿಪ್ಪುನೇರಳೆ ಸೊಪ್ಪಿನ ಕಡೆ ಹೋಗುತ್ತದೆ. ಅಲ್ಲೇ ಕೈ ತಡೆಯಬೇಕು. ನೂರಕ್ಕೆ 95 ಹುಳು ಎದ್ದ ಮೇಲೆಯೇ ಸೊಪ್ಪು.

ಅವಸರಪಟ್ಟರೆ ಎದ್ದವು ತಿಂದು ಮುಂದೆ ಹೋಗುತ್ತವೆ. ಇನ್ನೂ ಕೂತವು ಸೊಪ್ಪಿನಡಿಯ ತೇವದಲ್ಲಿ ಪೊರೆ ಕಳಚಲಾರದೆ ಒದ್ದಾಡುತ್ತವೆ. ಕೊನೆಗೆ ಒಂದೇ ಹಾಸಿಗೆಯಲ್ಲಿ ಗೂಡು ಕಟ್ಟಲು ಸಿದ್ಧವಾದ ಹಣ್ಣು ಹುಳುವೂ ಉಂಟು, ಇನ್ನೂ ಮೇಯುವ ಕಾಯಿ ಹುಳುವೂ ಉಂಟು. ಅದಕ್ಕೇ ಹುಳುಗಳೆಲ್ಲ ಜ್ವರಕ್ಕೆ ಕೂತೊಡನೆ ಸುಣ್ಣದ ಪುಡಿಯನ್ನು ತೆಳ್ಳಗೆ ಉದುರಿಸಿ, ಗಾಳಿಯಾಡಲು ಬಿಡಿ. ಉಳಿದ ಸೊಪ್ಪು ಒಣಗಿ, ಬೇಗ ಎದ್ದವಕ್ಕೆ ಮೇಯಲು ಏನೂ ಸಿಗುವುದಿಲ್ಲ. ಎದ್ದ ಮೇಲೆ ಮೊದಲು ಹಾಸಿಗೆಗೆ ಸೋಂಕು ನಿವಾರಕ ಪುಡಿ, ಅರ್ಧ ಗಂಟೆ ಬಿಟ್ಟು ಸೊಪ್ಪು.

ನಾಲ್ಕನೇ ಜ್ವರ ಕಳೆದ ಮೇಲೆ ಮಾತ್ರ ಸೊಪ್ಪು ಹಾಕಲು ಕೈ ಹಿಡಿಯಬೇಡಿ. ಇಡೀ ಬೆಳೆಗೆ ಬೇಕಾದ ಸೊಪ್ಪಿನಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಈ 7–8 ದಿನಗಳಲ್ಲೇ ಖರ್ಚಾಗುತ್ತದೆ.

ಹಣ್ಣಾದ ಹುಳುಗಳನ್ನು ಚಂದ್ರಿಕೆಗೆ, ಅಂದರೆ ಅವು ಗೂಡು ಕಟ್ಟುವ ತಟ್ಟಿಗೆ, ಬಿಡುವಾಗ ಚದರ ಅಡಿಗೆ 40ರಿಂದ 50 ಹುಳು ಸಾಕು. ಒತ್ತೊತ್ತಾಗಿ ಬಿಟ್ಟರೆ ಎರಡು ಹುಳು ಸೇರಿ ಕಟ್ಟುವ ಜೋಡಿ ಗೂಡು ಹೆಚ್ಚುತ್ತದೆ.

ಇನ್ನು ಗೂಡು ಬಿಡಿಸುವುದು. ಚಂದ್ರಿಕೆಗೆ ಬಿಟ್ಟ ಮೇಲೆ, ಮಿಶ್ರತಳಿಯಾದರೆ (ಎರಡು ಬಗೆಯ ತಳಿ ಬೆರೆಸಿದ್ದು) ಐದನೇ ದಿನ, ದ್ವಿತಳಿಯಾದರೆ (ವರ್ಷಕ್ಕೆ ಎರಡು ಪೀಳಿಗೆಯ ತಳಿ) ಆರು–ಏಳನೇ ದಿನ. ದಿನ ಎಣಿಸಿದರಷ್ಟೇ ಸಾಲದು, ಒಂದೆರಡು ಗೂಡು ಕತ್ತರಿಸಿ ನೋಡಿ. ಒಳಗಿನ ಕೋಶ, ಅಂದರೆ ಹುಳು ಮಾರ್ಪಟ್ಟ ಪ್ಯೂಪಾ, ಕಂದು ಬಣ್ಣಕ್ಕೆ ತಿರುಗಿ ಗಟ್ಟಿಯಾಗಿದ್ದರೆ ಬಿಡಿಸಬಹುದು. ಇನ್ನೂ ಹಳದಿಯಾಗಿ ಮೆತ್ತಗಿದ್ದರೆ, ಮಾರುಕಟ್ಟೆಯ ಗಾಡಿ ಬಾಗಿಲಿಗೇ ಬಂದು ನಿಂತರೂ, ಗೂಡು ಇನ್ನೊಂದು ದಿನ ಚಂದ್ರಿಕೆಯಲ್ಲೇ ಇರಲಿ. ಮೆತ್ತನೆಯ ಕೋಶ ದಾರಿಯಲ್ಲಿ ಒಡೆದು ಗೂಡಿಗೆ ಒಳಗಿನಿಂದಲೇ ಕಲೆ ಹಿಡಿಯುತ್ತದೆ.