ಸೌಂಡ್ ಬರುತ್ತೆ, ಪಿಕ್ಚರ್ ಬರಲ್ಲ! ಕೋಡೆಕ್ ಪ್ರಾಬ್ಲಮ್ ಸರಿ ಮಾಡೋದು ಹೆಂಗೆ?

ನಮಸ್ಕಾರ ಎಲ್ರಿಗೂ! ಫೋನಲ್ಲಿ ತೆಗೆದ ವಿಡಿಯೋನ ಕಂಪ್ಯೂಟರ್‌ಗೆ ಹಾಕಿ ಓಪನ್ ಮಾಡಿದ್ರೆ ಮಾತು ಕೇಳ್ಸುತ್ತೆ, ಸ್ಕ್ರೀನ್ ಪೂರ್ತಿ ಕಪ್ಪು, ಇಲ್ಲಾಂದ್ರೆ ಕೋಡೆಕ್ ಇಲ್ಲ ಅಂತ ಮೆಸೇಜು. ಕೋಡೆಕ್ ಅಂದ್ರೆ ವಿಡಿಯೋ, ಸೌಂಡ್‌ನ ಚಿಕ್ಕದಾಗಿ ಕುಗ್ಗಿಸಿ, ನೋಡುವಾಗ ಮತ್ತೆ ಬಿಚ್ಚೋ ಸಾಫ್ಟ್‌ವೇರ್. ತಕ್ಷಣ ಫೈಲ್ ಹಾಳಾಗಿದೆ ಅಂತ ಡಿಲೀಟ್ ಮಾಡ್ಬೇಡಿ ಪ್ಲೀಸ್.

(ಸ್ಕ್ರೀನ್ ಮೇಲೆ: ಒಂದೇ ಥರದ ಎರಡು ಎಂಪಿ4 ಫೈಲ್)

ನೋಡಿ, ಎರಡೂ ಎಂಪಿ4, ಒಂದು ಓಡುತ್ತೆ ಇನ್ನೊಂದು ಓಡಲ್ಲ. ಯಾಕಂದ್ರೆ ಎಂಪಿ4, ಎಂಕೆವಿ ಇವೆಲ್ಲಾ ಬರೀ ಡಬ್ಬ, ಒಳಗಿರೋ ವಿಡಿಯೋ ಕುಗ್ಗಿಸಿರೋ ವಿಧಾನ ಬೇರೆ ಬೇರೆ, ಎಚ್.264 ಇರಬಹುದು, 2013ರಲ್ಲಿ ಬಂದ ಎಚ್.265 ಅಂದ್ರೆ ಎಚ್‌ಇವಿಸಿ ಇರಬಹುದು, ಇಲ್ಲಾ ಎವಿ1 ಇರಬಹುದು. ಅದನ್ನ ಬಿಚ್ಚೋ ಕೋಡೆಕ್ ಪ್ಲೇಯರ್ ಹತ್ರ ಇಲ್ಲಾಂದ್ರೆ ಕಥೆ ಮುಗೀತು. ಐಫೋನ್‌ಗಳು 2017ರಿಂದ ಎಚ್‌ಇವಿಸಿಲೇ ರೆಕಾರ್ಡ್ ಮಾಡೋಕೆ ಶುರು ಮಾಡಿದ್ವು, ಅದಕ್ಕೇ ಈ ತಲೆನೋವು ಜಾಸ್ತಿ. ಪಿಕ್ಚರ್ ಬಂದು ಸೌಂಡ್ ಬರ್ಲಿಲ್ವಾ, ಆಗ ಆಡಿಯೋ ಕೋಡೆಕ್ ಕಡೆ ನೋಡಿ, ಎಸಿ3, ಡಿಟಿಎಸ್ ಅಂತೆಲ್ಲಾ ಇರುತ್ತಲ್ಲ ಅದು.

ಮೊದ್ಲು ವಿಎಲ್‌ಸಿ ಅನ್ನೋ ವಿಡಿಯೋ ಪ್ಲೇಯರ್ ಹಾಕ್ಕೊಳ್ಳಿ, ಫ್ರೀ, ಕೋಡೆಕ್‌ಗಳು ಅದರೊಳಗೇ ಇರುತ್ವೆ, ಮುಕ್ಕಾಲು ಪಾಲು ಜನಕ್ಕೆ ಇಲ್ಲಿಗೇ ಕೆಲಸ ಮುಗಿಯುತ್ತೆ. ವಿಡಿಯೋ ಓಡ್ತಿರುವಾಗ ಕಂಟ್ರೋಲ್ ಜೆ ಒತ್ತಿ, ಒಳಗೆ ಯಾವ ಕೋಡೆಕ್ ಇದೆ ಅಂತ ತೋರಿಸುತ್ತೆ.

(ಸ್ಕ್ರೀನ್ ಮೇಲೆ: ಕೋಡೆಕ್ ಸಾಲಿಗೆ ಕೆಂಪು ಗುರುತು)

ಇಲ್ಲ ನಂಗೆ ವಿಂಡೋಸ್ ಪ್ಲೇಯರಲ್ಲೇ ಬೇಕು ಅಂದ್ರೆ ಮೈಕ್ರೋಸಾಫ್ಟ್ ಸ್ಟೋರಲ್ಲಿ ಎಚ್‌ಇವಿಸಿ ವಿಡಿಯೋ ಎಕ್ಸ್‌ಟೆನ್ಷನ್ಸ್ ಇದೆ, ಅದಕ್ಕೆ ದುಡ್ಡು ಕೊಡ್ಬೇಕು, ಎವಿ1ದು ಫ್ರೀ. ವಿಂಡೋಸ್ ಎನ್ ಎಡಿಷನ್, ಅಂದ್ರೆ ಮೀಡಿಯಾ ಪ್ಲೇಯರ್ ಇಲ್ಲದೆ ಬರೋ ವಿಂಡೋಸ್ ಇದ್ರೆ ಸೆಟ್ಟಿಂಗ್ಸ್‌ನ ಆಪ್ಷನಲ್ ಫೀಚರ್ಸಲ್ಲಿ ಮೀಡಿಯಾ ಫೀಚರ್ ಪ್ಯಾಕ್ ಹಾಕಿ. ವಿಂಡೋಸ್ ಬದಲು ಉಬುಂಟು ಲಿನಕ್ಸ್ ಬಳಸೋರು ಉಬುಂಟು ರಿಸ್ಟ್ರಿಕ್ಟೆಡ್ ಎಕ್ಸ್‌ಟ್ರಾಸ್ ಪ್ಯಾಕೇಜ್ ಹಾಕಿದ್ರೆ ಸಾಕು.

ಒಂದು ಮಾತ್ರ ಮಾಡ್ಬೇಡಿ, ಯಾವ್ದೋ ಸೈಟಲ್ಲಿ "ಕೋಡೆಕ್ ಡೌನ್‌ಲೋಡ್ ಮಾಡಿ" ಅಂತ ಪಾಪ್‌ಅಪ್ ಬಂದ್ರೆ ಒತ್ಲೇಬೇಡಿ, ವೈರಸ್ ನುಗ್ಸೋಕೆ ಇದು ಹಳೇ ಟ್ರಿಕ್ಕು. ಸಿಕ್ಕ ಸಿಕ್ಕ ಕೋಡೆಕ್ ಪ್ಯಾಕ್ ಒಂದರ ಮೇಲೊಂದು ಹಾಕೋದೂ ಬೇಡ, ಒಂದಕ್ಕೊಂದು ಹೊಡೆದಾಡ್ಕೊಂಡು ಚೆನ್ನಾಗಿ ಓಡ್ತಿದ್ದ ವಿಡಿಯೋನೂ ನಿಂತೋಗುತ್ತೆ.

ಇನ್ನು ಕೆಲವರಿಗೆ ವಿಡಿಯೋ ಓಡುತ್ತೆ ಆದ್ರೆ ತಡೆದು ತಡೆದು ಬರುತ್ತೆ, ಅದೂ 4ಕೆ ಆದ್ರೆ ಕೇಳೋದೇ ಬೇಡ. ಇಲ್ಲಿ ಕೋಡೆಕ್ ಇದೆ, ಆದ್ರೆ ಹಳೇ ಗ್ರಾಫಿಕ್ಸ್ ಚಿಪ್‌ಗೆ ಎಚ್‌ಇವಿಸಿ ಬಿಚ್ಚೋಕೆ ಬರಲ್ಲ, ಎಲ್ಲಾ ಭಾರ ಪ್ರೊಸೆಸರ್ ಮೇಲೆ ಬೀಳುತ್ತೆ. ಹ್ಯಾಂಡ್‌ಬ್ರೇಕ್ ಅನ್ನೋ ಫ್ರೀ ಸಾಫ್ಟ್‌ವೇರಲ್ಲಿ 1080ಪಿ, ಎಚ್.264ಗೆ ಕನ್ವರ್ಟ್ ಮಾಡಿ, ಕ್ವಾಲಿಟಿ ಸ್ವಲ್ಪ ಇಳಿಯುತ್ತೆ, ಹಂಗಾಗಿ ಒರಿಜಿನಲ್ ಇಟ್ಕೊಂಡಿರಿ.

ವಿಎಲ್‌ಸಿಲೂ ಓಪನ್ ಆಗ್ಲಿಲ್ವಾ? ಹಂಗಿದ್ರೆ ಕಾಪಿ ಅರ್ಧಕ್ಕೆ ನಿಂತಿರೋ ಚಾನ್ಸ್ ಇದೆ, ಫೋನಿಂದ ಇನ್ನೊಂದ್ಸಲ ಕಾಪಿ ಮಾಡಿ ಎರಡೂ ಕಡೆ ಫೈಲ್ ಸೈಜ್ ಒಂದೇನಾ ಚೆಕ್ ಮಾಡ್ಕೊಳ್ಳಿ.