ರಾಜನಿಗೆ ಪಾಠ ಹೇಳಿದ ಮೇಷ್ಟ್ರು

ಕೇಳುಗರೇ, ನಮಸ್ಕಾರ.

ಅಡುಗೆ ಮಾಡುತ್ತಾ ರೇಡಿಯೋ ಹಾಕಿಕೊಂಡಿರುವವರು, ಪರೀಕ್ಷೆಗೆ ಓದುತ್ತಿರುವ ಮಕ್ಕಳು, ನಿಮಗೆಲ್ಲ ಇವತ್ತು ಒಂದೇ ಮಾತು ಹೇಳಬೇಕು. ರಾಜನನ್ನು ಮಾಡಿದವರು ಜನ.

ಹಿಂದಿನ ಕಾಲದಲ್ಲಿ ಎಲ್ಲರೂ ರಾಜನನ್ನು ದೇವರೆಂದು ನಂಬಿ ಕೈಮುಗಿಯುತ್ತಿದ್ದರು ಅಂತ ಸುಮ್ನೆ ಹೇಳಿಬಿಡುತ್ತೇವೆ. ದಯವಿಟ್ಟು ಹಾಗೆ ಹೇಳಬೇಡಿ. 400 ವರ್ಷಗಳ ಹಿಂದೆಯೇ ಯೂರೋಪಿನಲ್ಲಿ ಇದೇ ವಿಷಯಕ್ಕೆ ದೊಡ್ಡ ವಾದ ನಡೆದಿತ್ತು.

ಸ್ಕಾಟ್ಲೆಂಡಿನಲ್ಲಿ ಜಾರ್ಜ್ ಬುಕಾನನ್ ಅಂತ ಒಬ್ಬ ಮೇಷ್ಟ್ರಿದ್ದರು. ಲ್ಯಾಟಿನ್ ಭಾಷೆಯ ದೊಡ್ಡ ಕವಿ. ಅವರ ಶಿಷ್ಯ ಯಾರು ಗೊತ್ತಾ? ಆ ದೇಶದ ರಾಜ ಆರನೇ ಜೇಮ್ಸ್. 1567ರಲ್ಲಿ ತಾಯಿ ಮೇರಿಯನ್ನು ಪಟ್ಟದಿಂದ ಇಳಿಸಿ, ಒಂದು ವರ್ಷದ ಈ ಕೂಸಿಗೆ ಕಿರೀಟ ಇಟ್ಟಿದ್ದರು. ಸ್ಟರ್ಲಿಂಗ್ ಕೋಟೆಯಲ್ಲಿ ಪಾಠ. ರಾಜ ಅಂತ ಮೇಷ್ಟ್ರು ಏಟು ಕೊಡುವುದನ್ನೇನೂ ಬಿಡಲಿಲ್ಲ.

ಅವರ ಬಗ್ಗೆ ಒಂದು ಕಥೆ ಹೇಳುತ್ತಾರೆ. ನನಗೆ ತುಂಬ ಇಷ್ಟವಾದದ್ದು. ಹುಡುಗನಿಗೆ ಒಂದು ಚಾಳಿ ಇತ್ತು. ಯಾರು ಏನು ಕಾಗದ ತಂದರೂ ಓದದೆ ಸಹಿ ಹಾಕಿಬಿಡುವುದು. ಒಂದು ದಿನ ಮೇಷ್ಟ್ರೇ ಕಾಗದ ಮುಂದಿಟ್ಟರು. ಹುಡುಗ ಸಹಿ ಹಾಕಿದ. ಆಮೇಲೆ ಮೇಷ್ಟ್ರು ಗತ್ತಿನಿಂದ ಕೂತರು. ಈಗ ನಾನೇ ರಾಜ ಅಂದರು. ಇವರಿಗೆ ತಲೆ ಕೆಟ್ಟಿತಾ ಅಂತ ಹುಡುಗನಿಗೆ ಗಾಬರಿ. ಆಗ ಕಾಗದ ಬಿಡಿಸಿ ತೋರಿಸಿದರು. 15 ದಿನ ರಾಜ್ಯಾಧಿಕಾರವೆಲ್ಲ ಬುಕಾನನ್‌ಗೆ ಅಂತ ಬರೆದಿತ್ತು. ಕೆಳಗೆ ಹುಡುಗನದೇ ಸಹಿ!

ಅಧಿಕಾರ ಅಂದರೆ ಇಷ್ಟೇ, ಅಲ್ವಾ? ಒಬ್ಬರು ಕೊಟ್ಟರೆ ಇನ್ನೊಬ್ಬರಿಗೆ ಬರುವಂಥದ್ದು. 1579ರಲ್ಲಿ ಬುಕಾನನ್ ಇದನ್ನೇ ಒಂದು ಸಣ್ಣ ಪುಸ್ತಕವಾಗಿ ಅಚ್ಚು ಹಾಕಿಸಿದರು. ನ್ಯಾಯ ಸಿಗಲಿ ಅಂತ ಜನ ರಾಜನನ್ನು ಇಟ್ಟುಕೊಂಡರು. ಕಾನೂನು ಜನರದು, ರಾಜ ಅದಕ್ಕೆ ತಲೆಬಾಗಬೇಕು. ಕೊಟ್ಟ ಮಾತು ಮುರಿದರೆ ಅವನನ್ನು ಇಳಿಸಬಹುದು. ಇಂಥ ಪುಸ್ತಕವನ್ನು ಅರ್ಪಿಸಿದ್ದು ಯಾರಿಗೆ? ಅದೇ ಶಿಷ್ಯನಿಗೆ. ಎಂಥ ಧೈರ್ಯ ನೋಡಿ. ಐದೇ ವರ್ಷದಲ್ಲಿ, 1584ರಲ್ಲಿ, ಪ್ರತಿಗಳನ್ನು ತಂದೊಪ್ಪಿಸಿ ಅಂತ ಸ್ಕಾಟ್ಲೆಂಡಿನ ಸಂಸತ್ತು ಆಜ್ಞೆ ಮಾಡಿತು. ಶಿಷ್ಯ ದೊಡ್ಡವನಾಗಿ, ರಾಜನಿಗೆ ಅಧಿಕಾರ ಕೊಟ್ಟವನು ದೇವರು ಅಂತ ತಾನೇ ಪುಸ್ತಕ ಬರೆದ.

ಸಮಯ ಕಡಿಮೆ ಇದೆ, ಬೇಗ ಹೇಳುತ್ತೇನೆ. 1581ರಲ್ಲಿ ಡಚ್ಚರು ತಮ್ಮನ್ನು ಆಳುತ್ತಿದ್ದ ಸ್ಪೇನಿನ ರಾಜ ಎರಡನೇ ಫಿಲಿಪ್‌ನನ್ನು ಬೇಡ ಅಂದರು. ಪ್ರಜೆಗಳಿರುವುದು ರಾಜನಿಗಾಗಿ ಅಲ್ಲ, ರಾಜನಿರುವುದು ಪ್ರಜೆಗಳಿಗಾಗಿ ಅಂತ ಬರೆದೇ ಕೊಟ್ಟರು. ಮತ್ತೆ ಅದೇ ಮಾತು.

ಇನ್ನು ಜೇಮ್ಸ್‌ನ ಮಗ ಒಂದನೇ ಚಾರ್ಲ್ಸ್, ಇಂಗ್ಲೆಂಡಿಗೂ ರಾಜ. ಪುಸ್ತಕ ಬಂದು 70 ವರ್ಷಕ್ಕೆ, 1649ರ ಜನವರಿಯಲ್ಲಿ, ಲಂಡನ್ನಿನಲ್ಲಿ ಅವನ ವಿಚಾರಣೆ. ಯಾವ ಅಧಿಕಾರದಿಂದ ನನ್ನನ್ನು ಇಲ್ಲಿಗೆ ಕರೆಸಿದ್ದೀರಿ ಅಂತ ಕೇಳಿದ. ಇಂಗ್ಲೆಂಡಿನ ಜನರ ಹೆಸರಲ್ಲಿ, ನೀನು ಅವರು ಆರಿಸಿದ ರಾಜ ಅಂದರು ನ್ಯಾಯಾಧೀಶ ಬ್ರ್ಯಾಡ್‌ಶಾ. ನಮ್ಮದು ವಂಶದಿಂದ ಬಂದ ಪಟ್ಟ, ಆರಿಸಿದ್ದಲ್ಲ ಅಂದ ಚಾರ್ಲ್ಸ್. ಜನವರಿ 30ಕ್ಕೆ ಅವನ ತಲೆ ತೆಗೆದರು.

ಮೇಷ್ಟ್ರ ಪುಸ್ತಕಕ್ಕೂ ಬಿಡುಗಡೆ ಇರಲಿಲ್ಲ. 1683ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದವರು ಅದನ್ನು ಬೆಂಕಿಗೆ ಹಾಕಿಸಿದರು. ಬರೆದವರು ತೀರಿಕೊಂಡು ಆಗಲೇ 100 ವರ್ಷ ದಾಟಿತ್ತು. ನಮಸ್ಕಾರ.